ಓದುಗರ ಪ್ರಶ್ನೆ: ಆ 13 ಅಂಕಿ ಯಾರ ಹೆಸರಿನಲ್ಲಿದೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳುತ್ತವೆ. ಸ್ವಂತವಾಗಿ ಪುಸ್ತಕ ತರಲು ಹೊರಟವರು ಬರವಣಿಗೆ, ಕರಡು ತಿದ್ದುವುದು, ಮುಖಪುಟ ಎಲ್ಲವನ್ನೂ ದಾಟಿ ಬಂದು ಐಎಸ್‌ಬಿಎನ್ (ಪುಸ್ತಕವನ್ನು ಗುರುತಿಸುವ 13 ಅಂಕಿಯ ಸಂಖ್ಯೆ) ಮತ್ತು ಬಾರ್‌ಕೋಡ್ ಎದುರು ನಿಂತುಬಿಡುತ್ತಾರೆ. ನಾನು ಮೊದಲು ಗ್ರಂಥಾಲಯದಲ್ಲಿ ಪುಸ್ತಕಗಳ ಸೂಚಿ ಮಾಡುತ್ತಿದ್ದೆ. ಈಗ ಹದಿನೈದು ವರ್ಷದಿಂದ ಪುಟವಿನ್ಯಾಸ ಮಾಡುತ್ತಿದ್ದೇನೆ. ಈ ಸಂಖ್ಯೆಯನ್ನು ಹುಡುಕುವವಳಾಗಿಯೂ ನೋಡಿದ್ದೇನೆ, ಅಚ್ಚಿಗೆ ಕಳಿಸುವವಳಾಗಿಯೂ ನೋಡಿದ್ದೇನೆ. ಹಾಗಾಗಿ ಈ ತಿಂಗಳ ಅಂಕಣ ಪೂರ್ತಿ ಇದಕ್ಕೇ.

ಪ್ರಶ್ನೆ: ಮೇಡಂ, ನಮ್ಮ ತಂದೆಯ ನೆನಪುಗಳನ್ನು ಬರೆದಿದ್ದೇನೆ. ನೂರು ಪ್ರತಿ ಮಾಡಿಸಿ ನೆಂಟರಿಗೆ, ಸ್ನೇಹಿತರಿಗೆ ಕೊಡುವ ಆಸೆ. ಐಎಸ್‌ಬಿಎನ್ ಹಾಕದಿದ್ದರೆ ಪುಸ್ತಕದ ಹಕ್ಕು ನಿಮ್ಮದಾಗುವುದಿಲ್ಲ ಎಂದು ಪರಿಚಿತರೊಬ್ಬರು ಹೇಳಿದರು. ನಿಜವೇ?

ಉತ್ತರ: ನಿಜವಲ್ಲ. ನೀವು ಬರೆದದ್ದು ಬರೆದಾಗಲೇ ನಿಮ್ಮದಾಯಿತು. ಹಕ್ಕುಸ್ವಾಮ್ಯ ಬೇರೆ, ಈ ಸಂಖ್ಯೆ ಬೇರೆ. ಐಎಸ್‌ಬಿಎನ್ ಎನ್ನುವುದು ಪುಸ್ತಕವನ್ನು ಗುರುತಿಸುವ ಸಂಖ್ಯೆ, ಅಷ್ಟೇ. ಅದು ಹಕ್ಕನ್ನು ಕೊಡುವುದಿಲ್ಲ, ಕಾಯುವುದೂ ಇಲ್ಲ. ಬಹುತೇಕ ದೇಶಗಳಲ್ಲಿ ಅದು ಕಾನೂನಿನ ಕಡ್ಡಾಯವೂ ಅಲ್ಲ.

ಕೈಯಿಂದ ಕೈಗೆ ಕೊಡುವ ಪುಸ್ತಕಕ್ಕೆ ಅದು ಬೇಕಾಗಿಲ್ಲ. ಅಂಗಡಿಯಲ್ಲಿ ಮಾರಬೇಕು, ಗ್ರಂಥಾಲಯ ಕೊಳ್ಳಬೇಕು ಎಂದರೆ ಬೇಕು. ನಿಮ್ಮ ಮನಸ್ಸಿನಲ್ಲಿ ಮುಂದೆ ಯಾವತ್ತಾದರೂ ಮಾರುವ ಯೋಚನೆ ಇದ್ದರೆ ಈಗಲೇ ಹಾಕಿಸಿ.

ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. ಸೂಚಿ ಮಾಡುವ ಮೇಜಿನ ಮುಂದೆ ಕೂತವರಿಗೆ ಗೊತ್ತು, ಕನ್ನಡ ಪುಸ್ತಕವನ್ನು ಕಂಪ್ಯೂಟರಿನಲ್ಲಿ ಹುಡುಕುವುದು ಎಷ್ಟು ಕಷ್ಟ ಎಂದು. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವಾಗ ಒಬ್ಬರು ದೀರ್ಘ ತೋರಿಸುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ಳಕಾರವೂ ಲಕಾರವೂ ಒಂದೇ ಅಕ್ಷರವಾಗಿಬಿಡುತ್ತವೆ. ಒಂದೇ ಹೆಸರಿನ ಮೂರು ಕವನ ಸಂಕಲನ ಒಂದೇ ಕಪಾಟಿನಲ್ಲಿದ್ದದ್ದನ್ನು ನೋಡಿದ್ದೇನೆ. ಅವುಗಳಲ್ಲಿ ಎರಡರ ಕವಿಗಳಿಗೆ ಇನಿಷಿಯಲ್ ಕೂಡ ಒಂದೇ. ಸಂಖ್ಯೆ ಇದ್ದ ಪುಸ್ತಕ ಆ ಗಳಿಗೆಯಲ್ಲೇ ಸಿಗುತ್ತಿತ್ತು. ಇಲ್ಲದ್ದಕ್ಕೆ ಎದ್ದು ಹೋಗಿ ಪುಟ ತೆರೆದು ನೋಡಬೇಕಾಗುತ್ತಿತ್ತು. ಹೆಸರನ್ನು ಯಾವ ಲಿಪಿಯಲ್ಲಿ ಹೇಗೆ ಬರೆದರೂ ಸಂಖ್ಯೆ ಬದಲಾಗುವುದಿಲ್ಲ. ನಮ್ಮ ಭಾಷೆಯ ಪುಸ್ತಕಗಳಿಗೆ ಅದರಿಂದ ಆಗುವ ಉಪಕಾರ ಬೇರೆಯವರಿಗಿಂತ ಜಾಸ್ತಿ ಎಂದೇ ನನ್ನ ನಂಬಿಕೆ.

ಪ್ರಶ್ನೆ: ಆ 13 ಅಂಕಿಗಳಿಗೆ ಏನಾದರೂ ಅರ್ಥ ಇದೆಯೇ, ಅಥವಾ ಸಾಲಾಗಿ ಕೊಡುತ್ತಾ ಹೋಗುವ ಸಂಖ್ಯೆಯೇ? ನನ್ನ ಹಳೆಯ ಪುಸ್ತಕಗಳಲ್ಲಿ 10 ಅಂಕಿ ಇದೆ. ಒಂದರಲ್ಲಿ ಕೊನೆಗೆ ಎಕ್ಸ್ ಅಕ್ಷರವಿದೆ. ಅಚ್ಚಿನ ತಪ್ಪೇ?

ಉತ್ತರ: ಅಚ್ಚಿನ ತಪ್ಪಲ್ಲ. ಆ ಎಕ್ಸ್ ನನಗೆ ತುಂಬಾ ಇಷ್ಟ. ಅದರ ಕಥೆ ಹೇಳುತ್ತೇನೆ, ಸ್ವಲ್ಪ ಲೆಕ್ಕ ಬರುತ್ತದೆ, ಪೆನ್ನು ಹಿಡಿದು ಕೂತುಕೊಳ್ಳಿ.

ವಿವರಣೆಗೆಂದು ಬಹಳ ಕಡೆ ಬಳಸುವ ಮಾದರಿ ಸಂಖ್ಯೆ ಒಂದಿದೆ: 978-3-16-148410-0. ಅಡ್ಡಗೆರೆಗಳು ಅಂದಕ್ಕೆ ಹಾಕಿದ್ದಲ್ಲ. ಅವು ಸಂಖ್ಯೆಯನ್ನು ಐದು ತುಂಡು ಮಾಡುತ್ತವೆ. ಮೊದಲಿನ 978 ಇದು ಪುಸ್ತಕ ಎಂದು ಹೇಳುತ್ತದೆ. ಆಮೇಲಿನ 3 ದೇಶ ಅಥವಾ ಭಾಷೆಯ ಗುಂಪು. 3 ಎಂದರೆ ಜರ್ಮನ್ ಭಾಷೆಯ ಪ್ರದೇಶಗಳು. 0 ಮತ್ತು 1 ಇಂಗ್ಲಿಷಿಗೆ, 2 ಫ್ರೆಂಚಿಗೆ. ಕನ್ನಡಕ್ಕೆ ಬೇರೆ ಸಂಖ್ಯೆ ಇಲ್ಲ. ಭಾರತದಿಂದ ಬರುವ ಪುಸ್ತಕ ಯಾವ ಭಾಷೆಯದೇ ಇರಲಿ, 81 ಅಥವಾ 93 ಗುಂಪಿಗೆ ಸೇರುತ್ತದೆ. ಪುಸ್ತಕ ಕಡಿಮೆ ಬರುವ ದೇಶಕ್ಕೆ ಉದ್ದದ ಸಂಖ್ಯೆ ಕೊಡುತ್ತಾರೆ. ಭೂತಾನದ್ದು 99936.

ಮೂರನೆಯ ತುಂಡು ಪ್ರಕಾಶಕರದ್ದು, ಇಲ್ಲಿ 16. ನಾಲ್ಕನೆಯದು ಆ ಪ್ರಕಾಶಕರ ಇಂಥದ್ದೇ ಪುಸ್ತಕ, ಇಲ್ಲಿ 148410. ಗುಂಪು, ಪ್ರಕಾಶಕರು, ಪುಸ್ತಕ ಈ ಮೂರೂ ಸೇರಿ ಯಾವತ್ತೂ 9 ಅಂಕಿ. ಒಂದು ಉದ್ದವಾದರೆ ಇನ್ನೊಂದು ಗಿಡ್ಡವಾಗಬೇಕು. ಪ್ರಕಾಶಕರ ಸಂಖ್ಯೆ 16 ಎಂದು ಎರಡೇ ಅಂಕಿ ಇದ್ದರೆ ಪುಸ್ತಕಕ್ಕೆ ಆರು ಅಂಕಿ ಉಳಿಯುತ್ತದೆ, ಹತ್ತು ಲಕ್ಷ ಪುಸ್ತಕಕ್ಕೆ ಜಾಗ. ಅಂದರೆ ದೊಡ್ಡ ಪ್ರಕಾಶನ. ನಿಮ್ಮಂಥ ಒಬ್ಬರೇ ಲೇಖಕರು ಹತ್ತು ಸಂಖ್ಯೆ ತೆಗೆದುಕೊಂಡರೆ ಪ್ರಕಾಶಕರ ತುಂಡು ಉದ್ದವಾಗಿ, ಪುಸ್ತಕದ ತುಂಡು ಒಂದೇ ಅಂಕಿಗೆ ಇಳಿಯುತ್ತದೆ. ಪುಸ್ತಕ ತೆರೆಯದೆಯೇ ಪ್ರಕಾಶಕರು ಎಷ್ಟು ದೊಡ್ಡವರು ಎಂದು ಅಂದಾಜು ಮಾಡಬಹುದು, ಅಲ್ವಾ?

ಕೊನೆಯ ಒಂದು ಅಂಕಿ ತಪ್ಪು ಹಿಡಿಯುವುದಕ್ಕೆ. ಮೊದಲ 12 ಅಂಕಿಗಳನ್ನು ಒಂದು ಬಿಟ್ಟು ಒಂದರಂತೆ 1ರಿಂದ, 3ರಿಂದ ಗುಣಿಸಿ. ನಮ್ಮ ಮಾದರಿಯಲ್ಲಿ 9, 21, 8, 9, 1, 18, 1, 12, 8, 12, 1, 0 ಎಂದು ಬರುತ್ತದೆ. ಕೂಡಿದರೆ 100. ಹತ್ತರ ಗುಣಕ ಆಗಲು ಇನ್ನೆಷ್ಟು ಬೇಕೋ ಅದೇ ಕೊನೆಯ ಅಂಕಿ. 100ಕ್ಕೆ ಏನೂ ಬೇಡ, ಹಾಗಾಗಿ 0. ಈಗ ಬೇಕೆಂದೇ ತಪ್ಪು ಮಾಡೋಣ. 3 ಮತ್ತು ಅದರ ಪಕ್ಕದ 1 ಅದಲು ಬದಲಾಗಲಿ. ಮೊತ್ತ 96 ಆಗುತ್ತದೆ, ಕೊನೆಗೆ 4 ಬರಬೇಕಿತ್ತು, 0 ಇದೆ. ಕಂಪ್ಯೂಟರ್ ಬೇಡ ಎನ್ನುತ್ತದೆ. ಒಂದೇ ಅಂಕಿ ತಪ್ಪಾದರೆ ಈ ಲೆಕ್ಕ ಖಂಡಿತ ಹಿಡಿಯುತ್ತದೆ.

ಆದರೆ ಇದೇ ಸಂಖ್ಯೆಯಲ್ಲಿ 1 ಮತ್ತು 6ರ ಜಾಗ ಬದಲಿಸಿ ನೋಡಿ. ಮೊದಲು 1 ಮತ್ತು 18 ಸೇರಿ 19 ಇತ್ತು. ಈಗ 6 ಮತ್ತು 3 ಸೇರಿ 9. ಮೊತ್ತ 90. ಕೊನೆಯ ಅಂಕಿ ಮತ್ತೆ 0. ತಪ್ಪು ನುಸುಳಿತು! ಪಕ್ಕಪಕ್ಕದ ಎರಡು ಅಂಕಿಗಳ ನಡುವೆ 5ರ ವ್ಯತ್ಯಾಸವಿದ್ದರೆ ಈ ಲೆಕ್ಕಕ್ಕೆ ಅದಲು ಬದಲು ಗೊತ್ತಾಗುವುದಿಲ್ಲ. ಅದಕ್ಕೇ ನಾನು ಕಂಪ್ಯೂಟರ್ ಒಪ್ಪಿತು ಎಂದು ಬಿಡುವುದಿಲ್ಲ. ಒಬ್ಬರು ಓದಿ ಹೇಳಬೇಕು, ಇನ್ನೊಬ್ಬರು ಮೂಲ ಪತ್ರ ನೋಡಿ ಗುರುತು ಹಾಕಬೇಕು.

ಹಳೆಯ 10 ಅಂಕಿಯ ಲೆಕ್ಕ ಇದಕ್ಕಿಂತ ಗಟ್ಟಿ. ಅಲ್ಲಿ 10, 9, 8 ಎಂದು ಇಳಿಯುತ್ತಾ ಗುಣಿಸಿ 11ರಿಂದ ಭಾಗಿಸುತ್ತಿದ್ದರು. ಯಾವ ಅದಲು ಬದಲೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ತೊಂದರೆ ಏನೆಂದರೆ ಕೊನೆಗೆ ಕೆಲವು ಸಲ 10 ಬರುತ್ತಿತ್ತು. ಒಂದು ಅಂಕಿಯ ಜಾಗದಲ್ಲಿ 10 ಬರೆಯುವುದು ಹೇಗೆ? ರೋಮನ್ ಅಂಕಿಯ ಹತ್ತು, ಅಂದರೆ ಎಕ್ಸ್, ಬರೆದರು. ನಿಮ್ಮ ಪುಸ್ತಕದಲ್ಲಿರುವುದು ಅದೇ. ನಮ್ಮ ಮಾದರಿ ಸಂಖ್ಯೆಯ ಹಳೆಯ ರೂಪವೂ ಎಕ್ಸ್‌ನಲ್ಲೇ ಮುಗಿಯುತ್ತದೆ.

1967ರಲ್ಲಿ ಬ್ರಿಟನ್ನಿನಲ್ಲಿ ಇದು ಶುರುವಾದಾಗ 9 ಅಂಕಿ ಇತ್ತು. ಪುಸ್ತಕದ ಗೋದಾಮಿಗೆ ಕಂಪ್ಯೂಟರ್ ತರುವಾಗ ಹುಟ್ಟಿದ ಯೋಚನೆ ಅದು. ಅದನ್ನು ರೂಪಿಸಿದವರು ಗಾರ್ಡನ್ ಫಾಸ್ಟರ್ ಎಂಬ ಸಂಖ್ಯಾಶಾಸ್ತ್ರದ (ಸ್ಟ್ಯಾಟಿಸ್ಟಿಕ್ಸ್) ಪ್ರಾಧ್ಯಾಪಕರು. 1970ರಲ್ಲಿ 10 ಅಂಕಿಯ ಅಂತರರಾಷ್ಟ್ರೀಯ ಮಾನದಂಡವಾಯಿತು. 2007ರ ಜನವರಿ 1ರಿಂದ 13 ಅಂಕಿ. ಬೇರೆ ಸರಕುಗಳ ಬಾರ್‌ಕೋಡಿಗೂ ಸಾಮಾನ್ಯವಾಗಿ 13 ಅಂಕಿ ಇರುವುದರಿಂದ ಎರಡನ್ನೂ ಒಂದೇ ಮಾಡಿದರು. ಸರಕಿನ ಬಾರ್‌ಕೋಡಿನಲ್ಲಿ ಮೊದಲ ಅಂಕಿಗಳು ಅದು ನೋಂದಣಿಯಾದ ದೇಶ ತಿಳಿಸುತ್ತವೆ. ಪುಸ್ತಕಗಳಿಗೆ ಬುಕ್‌ಲ್ಯಾಂಡ್ ಎಂಬ ಕಾಲ್ಪನಿಕ ದೇಶ ಮಾಡಿ 978 ಕೊಟ್ಟರು. ಎಲ್ಲ ಭಾಷೆಯ ಪುಸ್ತಕಗಳಿಗೂ ಒಂದೇ ನಾಡು ಎನ್ನುವ ಈ ಮಾತು ನನಗೆ ಯಾವಾಗ ನೆನೆದರೂ ಖುಷಿ ಕೊಡುತ್ತದೆ. ಈಗ 978 ಸಾಲದೆ 979 ಕೂಡ ಬಳಕೆಗೆ ಬಂದಿದೆ.

ಒಂದು ಎಚ್ಚರಿಕೆ. ಹಳೆಯ ಪುಸ್ತಕ ಮರುಮುದ್ರಣ ಮಾಡುವಾಗ 10 ಅಂಕಿಯ ಮುಂದೆ 978 ಅಂಟಿಸಿ ಬಿಡಬೇಡಿ. ಕೊನೆಯ ಅಂಕಿಯನ್ನು ಹೊಸ ಲೆಕ್ಕದಲ್ಲಿ ಮತ್ತೆ ಹಾಕಬೇಕು. ಮಾದರಿಯಲ್ಲೇ ನೋಡಿ, ಎಕ್ಸ್ ಇದ್ದ ಕಡೆ 0 ಬಂತು.

ಪ್ರಶ್ನೆ: ಮೇಡಂ, ನನ್ನ ಕಾದಂಬರಿಗೆ ಒಂದು ಸ್ವಯಂ ಪ್ರಕಟಣೆಯ ಜಾಲತಾಣ ಉಚಿತ ಐಎಸ್‌ಬಿಎನ್ ಕೊಡುತ್ತದಂತೆ. ತೆಗೆದುಕೊಳ್ಳಲೇ? ಇನ್ನೊಬ್ಬರು ತಮ್ಮಲ್ಲಿ ಉಳಿದಿರುವ ಒಂದು ಸಂಖ್ಯೆ ಮಾರುತ್ತೇನೆ ಎನ್ನುತ್ತಿದ್ದಾರೆ.

ಉತ್ತರ: ಮೇಲಿನ ಉತ್ತರದಲ್ಲಿ ಮೂರನೆಯ ತುಂಡು ಪ್ರಕಾಶಕರದ್ದು ಎಂದೆ. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಸಂಖ್ಯೆ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರೇ ಪುಸ್ತಕದ ಪ್ರಕಾಶಕರು ಎಂದು ಜಗತ್ತಿಗೆ ಕಾಣುತ್ತದೆ. ಜಾಲತಾಣದ ಸಂಖ್ಯೆ ತೆಗೆದುಕೊಂಡರೆ ಕಾದಂಬರಿಯ ಹಕ್ಕು ನಿಮ್ಮ ಹತ್ತಿರವೇ ಇರುತ್ತದೆ. ಆದರೆ ಸಂಖ್ಯೆ ಅವರದು. ಅದೇ ಸಂಖ್ಯೆ ಹಿಡಿದು ಬೇರೆ ಕಡೆ ಅಚ್ಚು ಹಾಕಿಸಲು ಆಗುವುದಿಲ್ಲ. ಅಮೆಜಾನಿನ ಸ್ವಯಂ ಪ್ರಕಟಣೆಯ ಸೇವೆಯಾದ ಕೆಡಿಪಿ ಕೊಡುವ ಉಚಿತ ಸಂಖ್ಯೆ ಹಾಗೆಯೇ. ಅದು ಅಲ್ಲಿಗೆ ಮಾತ್ರ ಸಲ್ಲುತ್ತದೆ, ಪ್ರಕಾಶಕರ ಜಾಗದಲ್ಲಿ ‘ಇಂಡಿಪೆಂಡೆಂಟ್ಲಿ ಪಬ್ಲಿಷ್ಡ್’ ಎಂದು ಬರುತ್ತದೆ. ಇದರಲ್ಲಿ ಮೋಸವಿಲ್ಲ, ಅವರು ಮುಂಚೆಯೇ ಹೇಳುತ್ತಾರೆ. ಒಂದೇ ಕಡೆ ಮಾರಿದರೆ ಸಾಕು ಎನ್ನುವವರಿಗೆ ಅದು ಸಾಕು.

ನಿಮಗೆ ಸಾಲದು ಎಂದು ನನಗೆ ಅನ್ನಿಸುತ್ತದೆ. ಪತ್ರದ ಕೊನೆಗೆ ಇನ್ನೂ ಎರಡು ಕಾದಂಬರಿ ಬರೆಯುತ್ತಿದ್ದೇನೆ ಎಂದಿದ್ದೀರಿ. ನಿಮ್ಮ ಪ್ರಕಾಶನಕ್ಕೆ ಒಂದು ಹೆಸರಿಡಿ. ಆ ಹೆಸರಿನಲ್ಲಿ ನೀವೇ ಅರ್ಜಿ ಹಾಕಿ. ಪ್ರತಿ ದೇಶ ಅಥವಾ ಪ್ರದೇಶಕ್ಕೆ ಒಂದು ಐಎಸ್‌ಬಿಎನ್ ಸಂಸ್ಥೆ ಇರುತ್ತದೆ. ಪುಸ್ತಕ ಯಾವ ಭಾಷೆಯದು, ಎಲ್ಲಿ ಅಚ್ಚಾಗುತ್ತದೆ ಎನ್ನುವುದು ಮುಖ್ಯವಲ್ಲ. ಪ್ರಕಾಶಕರು, ಅಂದರೆ ನೀವು, ಎಲ್ಲಿದ್ದೀರೋ ಅಲ್ಲಿನ ಸಂಸ್ಥೆಗೆ ಹೋಗಬೇಕು. ಭಾರತ, ಕೆನಡಾದಂಥ ಕೆಲವು ದೇಶಗಳಲ್ಲಿ ಸಂಖ್ಯೆ ಉಚಿತ. ಅಮೆರಿಕ, ಬ್ರಿಟನ್ನಿನಲ್ಲಿ ದುಡ್ಡು ಕೊಡಬೇಕು, ಅಲ್ಲಿ ಒಂದೊಂದಾಗಿ ಕೊಳ್ಳುವುದಕ್ಕಿಂತ ಹತ್ತು ಒಟ್ಟಿಗೆ ಕೊಂಡರೆ ಅಗ್ಗ.

ಉಳಿದ ಸಂಖ್ಯೆ ಮಾರುತ್ತೇನೆ ಎನ್ನುವವರಿಂದ ದಯವಿಟ್ಟು ಕೊಳ್ಳಬೇಡಿ. ಒಬ್ಬರಿಗೆ ಕೊಟ್ಟ ಸಂಖ್ಯೆಗಳ ಕಟ್ಟಿನಿಂದ ಒಂದನ್ನು ಕಿತ್ತು ಇನ್ನೊಬ್ಬರಿಗೆ ವರ್ಗಾಯಿಸಲು ಬರುವುದಿಲ್ಲ. ನಾಳೆ ಯಾರೋ ನಿಮ್ಮ ಕಾದಂಬರಿಯ ಐವತ್ತು ಪ್ರತಿ ಬೇಕೆಂದು ಸಂಖ್ಯೆ ಹಿಡಿದು ಹುಡುಕಿದರೆ ಸಿಗುವುದು ಆ ಮಾರಿದವರ ವಿಳಾಸ.

ಇನ್ನೊಂದು ಕೆಲಸವನ್ನು ಬಹಳ ಜನ ಮರೆಯುತ್ತಾರೆ. ಸಂಖ್ಯೆ ಸಿಕ್ಕಿದ ಮೇಲೆ ಅದರ ಜೊತೆ ಪುಸ್ತಕದ ಹೆಸರು, ಲೇಖಕರು, ಭಾಷೆ, ರೂಪ, ಪ್ರಕಟವಾದ ದಿನ ಎಲ್ಲವನ್ನೂ ಸರಿಯಾಗಿ ತುಂಬಿಸಿ. ಬದಲಾದರೆ ತಿದ್ದಿಸಿ. ವಿವರ ಖಾಲಿ ಇದ್ದರೆ ಸಂಖ್ಯೆ ಇದ್ದೂ ಪುಸ್ತಕ ಕಾಣುವುದಿಲ್ಲ. ಖಾಲಿ ವಿವರದ ಎದುರು ಕೂತು ಇದು ಯಾವ ಪುಸ್ತಕವೋ ಎಂದು ನಾನು ಎಷ್ಟೋ ಮಧ್ಯಾಹ್ನ ಕಳೆದಿದ್ದೇನೆ. ಬರೆದವರ ಬಗ್ಗೆ ನಿಜವಾಗಿ ಸಂಕಟವಾಗುತ್ತಿತ್ತು.

ಪ್ರಶ್ನೆ: ಬಾರ್‌ಕೋಡನ್ನು ಬೇರೆಯಾಗಿ ಕೊಳ್ಳಬೇಕೇ? ಅದರೊಳಗೆ ಬೆಲೆ, ಲೇಖಕರ ಹೆಸರು ಎಲ್ಲ ಇರುತ್ತದೆಯೇ? ನನ್ನ ಹಿಂಪುಟ ಇಟ್ಟಿಗೆ ಬಣ್ಣದ್ದು, ಬಾರ್‌ಕೋಡೂ ಅದೇ ಬಣ್ಣದಲ್ಲಿದ್ದರೆ ಚೆನ್ನ ಎಂದು ಆಸೆ.

ಉತ್ತರ: ನಿಮ್ಮ ಕೊನೆಯ ಸಾಲು ಓದಿ ನನಗೆ ಎದೆ ಧಸಕ್ಕೆಂದಿತು. ದಯವಿಟ್ಟು ಬೇಡ.

ಈ ಕೆಲಸಕ್ಕೆ ಬಂದ ಹೊಸತರಲ್ಲಿ ನಾನು ಇದನ್ನೇ ಮಾಡಿದ್ದೆ. ಒಬ್ಬ ಲೇಖಕಿಯ ಕಥಾಸಂಕಲನ. ತಿಳಿ ಹಳದಿ ಹಿಂಪುಟದ ಮೇಲೆ ಕೆಂಪು ಗೆರೆಗಳ ಬಾರ್‌ಕೋಡ್ ಕೂರಿಸಿದೆ. ಬೆನ್ನುಡಿ ಉದ್ದವಾಗಿತ್ತು, ಜಾಗ ಸಾಲದೆ ಗೆರೆಗಳನ್ನು ಅಡ್ಡಕ್ಕೆ ಸ್ವಲ್ಪ ಒತ್ತಿದೆ. ಕಣ್ಣಿಗೆ ಬಹಳ ಚೆನ್ನಾಗಿತ್ತು. ಅಚ್ಚಾಗಿ ಬಂದ ಮೇಲೆ ಸ್ಕ್ಯಾನರ್ ಹಿಡಿದರೆ ಸದ್ದೇ ಇಲ್ಲ. ಒಂದು ಪ್ರತಿಯೂ ಓದಲಿಲ್ಲ. ಬಿಳಿ ಸ್ಟಿಕ್ಕರಿನ ಮೇಲೆ ಹೊಸ ಬಾರ್‌ಕೋಡ್ ಅಚ್ಚು ಮಾಡಿಸಿ, ಆ ಲೇಖಕಿ ಮತ್ತು ನಾನು ನೆಲದ ಮೇಲೆ ಕೂತು ಎರಡು ರಾತ್ರಿ 600 ಪ್ರತಿಗೆ ಅಂಟಿಸಿದೆವು. ಅವರು ನನಗೆ ಒಂದು ಬಿರುಸು ಮಾತು ಆಡಲಿಲ್ಲ. ಅದನ್ನು ನಾನು ಮರೆತಿಲ್ಲ.

ತಪ್ಪು ಎಲ್ಲಾಯಿತು? ಅಂಗಡಿಯ ಎಷ್ಟೋ ಸ್ಕ್ಯಾನರ್‌ಗಳು ಕೆಂಪು ಬೆಳಕು ಬಿಡುತ್ತವೆ. ಕೆಂಪು ಬೆಳಕಿಗೆ ಕೆಂಪು ಗೆರೆ ಬಿಳಿಯ ಹಾಗೇ ಕಾಣುತ್ತದೆ. ಇಟ್ಟಿಗೆ ಬಣ್ಣ, ಕಿತ್ತಳೆ, ಕೆಂಪು ಯಾವುದೂ ಗೆರೆಗೆ ಆಗದು. ಬಿಳಿಯ ಮೇಲೆ ಕಪ್ಪು, ಅದೇ ಸರಿ. ಆ ಕಪ್ಪು ಕೂಡ ಬರೀ ಕಪ್ಪು ಶಾಯಿಯದಾಗಿರಲಿ. ನಾಲ್ಕು ಬಣ್ಣ ಸೇರಿಸಿದ ಕಪ್ಪಾದರೆ ಅಚ್ಚಿನಲ್ಲಿ ಒಂದು ಬಣ್ಣ ಕೂದಲೆಳೆಯಷ್ಟು ಸರಿದರೂ ಗೆರೆಯ ಅಂಚು ಮಸುಕಾಗುತ್ತದೆ. ಇಟ್ಟಿಗೆ ಬಣ್ಣದ ಹಿಂಪುಟ ಹಾಗೇ ಇರಲಿ, ಬಾರ್‌ಕೋಡಿಗೆ ಒಂದು ಬಿಳಿ ಚೌಕ ಬಿಡಿ.

ಒಳಗೆ ಏನಿದೆ ಎಂದು ಕೇಳಿದ್ದೀರಿ. ನಿಮ್ಮ 13 ಅಂಕಿ ಬಿಟ್ಟು ಬೇರೇನೂ ಇಲ್ಲ. ಹೆಸರು, ಬೆಲೆ ಎಲ್ಲವೂ ಅಂಗಡಿಯ ಕಂಪ್ಯೂಟರಿನಲ್ಲಿರುತ್ತವೆ. ಬಾರ್‌ಕೋಡಿನ ಅಗಲವನ್ನು 95 ಸಮನಾದ ಸಣ್ಣ ಪಟ್ಟಿ ಎಂದುಕೊಳ್ಳಿ. ಎರಡು ತುದಿಗೆ 3, 3, ನಡುವೆ 5 ಪಟ್ಟಿ ಕಾವಲು ಗೆರೆಗಳಿಗೆ. ಉಳಿದ 84 ಪಟ್ಟಿಗಳು 12 ಅಂಕಿಗಳಿಗೆ, ಒಂದೊಂದಕ್ಕೆ 7. ಹಾಗಾದರೆ 13ನೆಯ ಅಂಕಿ ಎಲ್ಲಿ? ಯಾವುದಾದರೂ ಪುಸ್ತಕ ತಿರುಗಿಸಿ ನೋಡಿ. ಸಂಖ್ಯೆಯ ಮೊದಲ ಅಂಕಿಯಾದ 9, ಗೆರೆಗಳ ಹೊರಗೆ, ಎಡಕ್ಕೆ ಒಂಟಿಯಾಗಿ ನಿಂತಿರುತ್ತದೆ. ಅದಕ್ಕೆ ಗೆರೆಯೇ ಇಲ್ಲ. ಎಡಭಾಗದ ಆರು ಅಂಕಿಗಳನ್ನು ಬರೆಯಲು ಎರಡು ಬಗೆಯ ಗೆರೆಗಳಿವೆ. ಯಾವ ಅಂಕಿಗೆ ಯಾವ ಬಗೆ ಬಳಸಿದ್ದಾರೆ ಎನ್ನುವುದನ್ನು ನೋಡಿ ಸ್ಕ್ಯಾನರ್ ಆ 9 ಅನ್ನು ಊಹಿಸಿಕೊಳ್ಳುತ್ತದೆ. ಎಷ್ಟು ಜಾಣತನ!

ಸಣ್ಣ ಪಟ್ಟಿಯ ಅಗಲ 0.33 ಮಿಲಿಮೀಟರ್. ಎಡಕ್ಕೆ 11 ಪಟ್ಟಿ, ಬಲಕ್ಕೆ 7 ಪಟ್ಟಿಯಷ್ಟು ಖಾಲಿ ಜಾಗ ಇರಲೇಬೇಕು. ಗೆರೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ಎಂದು ಸ್ಕ್ಯಾನರ್‌ಗೆ ತಿಳಿಯುವುದು ಆ ಖಾಲಿಯಿಂದ. ಎಲ್ಲ ಸೇರಿ 37.29 ಮಿಲಿಮೀಟರ್ ಅಗಲ, 25.93 ಎತ್ತರ. ಇದನ್ನು ಈ ಅಳತೆಯ ಶೇಕಡ 80ಕ್ಕೆ ಇಳಿಯುವವರೆಗೆ ಚಿಕ್ಕದು ಮಾಡಬಹುದು, ಅದಕ್ಕಿಂತ ಕೆಳಗೆ ಬೇಡ. ಚಿಕ್ಕದು ಮಾಡುವಾಗ ಅಗಲ ಎತ್ತರ ಎರಡೂ ಒಟ್ಟಿಗೆ ಇಳಿಯಲಿ, ನನ್ನ ಹಾಗೆ ಒಂದೇ ಕಡೆಯಿಂದ ಒತ್ತಬೇಡಿ. ಕಡತ ವೆಕ್ಟರ್ (ಎಷ್ಟು ಹಿಗ್ಗಿಸಿದರೂ ಅಂಚು ಮಸುಕಾಗದ ಬಗೆ) ಆಗಿರಲಿ, ಪಿಡಿಎಫ್ ಅಥವಾ ಎಸ್‌ವಿಜಿ. ಜೆಪೆಗ್ ಚಿತ್ರವನ್ನು ಹಿಗ್ಗಿಸಿ ಹಾಕಬೇಡಿ. ಜಾಗ ಹಿಂಪುಟದ ಕೆಳಗೆ ಬಲಕ್ಕೆ, ಮಡಿಕೆಗೆ ತೀರ ಅಂಟದ ಹಾಗೆ.

ಬೇರೆಯಾಗಿ ಕೊಳ್ಳಬೇಕಿಲ್ಲ. ಐಎಸ್‌ಬಿಎನ್ ಕೈಯಲ್ಲಿದ್ದರೆ ಅದೇ ಬಾರ್‌ಕೋಡಿನ ಸಂಖ್ಯೆ. ಗೆರೆ ಮಾಡಿಕೊಡುವ ಉಚಿತ ತಂತ್ರಾಂಶಗಳಿವೆ. ಕೆಲವು ಪುಸ್ತಕಗಳಲ್ಲಿ ಬಾರ್‌ಕೋಡಿನ ಪಕ್ಕದಲ್ಲಿ ಐದು ಅಂಕಿಯ ಮರಿ ಬಾರ್‌ಕೋಡ್ ಕಾಣುತ್ತದೆ. ಅಮೆರಿಕದಂಥ ಕಡೆ ಅದು ಬೆಲೆ ಹೇಳುತ್ತದೆ, 90000 ಇದ್ದರೆ ಬೆಲೆ ಹೇಳಿಲ್ಲ ಎಂದರ್ಥ. ನಿಮ್ಮ ವಿತರಕರು ಕೇಳದಿದ್ದರೆ ಅದು ಬೇಡ. ಅಚ್ಚಿಗೆ ಕೊಡುವ ಮುಂಚೆ ಹಿಂಪುಟವನ್ನು ನಿಜವಾದ ಅಳತೆಯಲ್ಲಿ ಕಾಗದಕ್ಕೆ ತೆಗೆದು ಅಂಗಡಿಯ ಸ್ಕ್ಯಾನರಿನಲ್ಲೇ ಓದಿಸಿ ನೋಡಿ. ಫೋನಿನ ಕ್ಯಾಮೆರಾ ಓದಿತು ಎಂದರೆ ಸಾಲದು, ಅದರ ಕಣ್ಣು ಬೇರೆ.

ಪ್ರಶ್ನೆ: ಎರಡನೇ ಮುದ್ರಣಕ್ಕೆ ಹೊಸ ಸಂಖ್ಯೆ ಬೇಕೇ? ಇ-ಪುಸ್ತಕಕ್ಕೆ?

ಉತ್ತರ: ಕಾಗುಣಿತ ತಿದ್ದಿದರೆ, ಬೆಲೆ ಬದಲಾದರೆ, ಮುಖಪುಟದ ಚಿತ್ರ ಮಾತ್ರ ಬದಲಾದರೆ ಹಳೆಯದೇ ಸಾಕು. ಅಧ್ಯಾಯ ಸೇರಿಸಿದರೆ, ಗಣನೀಯವಾಗಿ ಪರಿಷ್ಕರಿಸಿದರೆ, ಪುಸ್ತಕದ ಹೆಸರು ಬದಲಿಸಿದರೆ ಹೊಸದು. ಸಾದಾ ಕವರ್, ಗಟ್ಟಿ ರಟ್ಟು, ಇ-ಪುಸ್ತಕ, ಆಡಿಯೋ ಪುಸ್ತಕ ಒಂದೊಂದಕ್ಕೂ ಬೇರೆ ಸಂಖ್ಯೆ. ಅನುವಾದಕ್ಕೂ ಬೇರೆ. ಕಿಂಡಲ್ ಆವೃತ್ತಿಗೆ ಅಮೆಜಾನ್ ತನ್ನದೇ 10 ಅಕ್ಷರದ ಗುರುತು ಕೊಡುತ್ತದೆ, ಅಲ್ಲಿಗೆ ಐಎಸ್‌ಬಿಎನ್ ಕಡ್ಡಾಯವಲ್ಲ. ಇ-ಪುಸ್ತಕಕ್ಕೆ ಬಾರ್‌ಕೋಡ್ ಬೇಡವೇ ಬೇಡ.

ಪ್ರಶ್ನೆ: ಮೇಡಂ, ತಪ್ಪಾಗಿಬಿಟ್ಟಿದೆ. ನನ್ನ ಎರಡನೇ ಸಂಕಲನಕ್ಕೆ ಮೊದಲ ಸಂಕಲನದ ಸಂಖ್ಯೆಯೇ ಅಚ್ಚಾಗಿದೆ. ಪ್ರತಿಗಳು ಮನೆಗೆ ಬಂದಿವೆ, ಇನ್ನೂ ಮಾರಿಲ್ಲ.

ಉತ್ತರ: ಮಾರಿಲ್ಲವಲ್ಲ, ಅದೇ ಸಮಾಧಾನ. ಹಾಗೇ ಹೊರಗೆ ಬಿಡಬೇಡಿ. ಒಂದು ಸಂಖ್ಯೆಗೆ ಎರಡು ಪುಸ್ತಕ ಬಂದರೆ ಕೇಳಿದವರಿಗೆ ಒಂದರ ಬದಲು ಇನ್ನೊಂದು ಹೋಗುತ್ತದೆ. ಮೊದಲ ಸಂಕಲನದ ಪ್ರತಿಗಳು ಪೂರ್ತಿ ಮುಗಿದಿದ್ದರೂ ಆ ಸಂಖ್ಯೆ ಅದಕ್ಕೇ ಮೀಸಲು, ಯಾವತ್ತೂ ಬೇರೆ ಪುಸ್ತಕಕ್ಕೆ ಬಳಸುವ ಹಾಗಿಲ್ಲ.

ಎರಡನೆಯದಕ್ಕೆ ಹೊಸ ಸಂಖ್ಯೆ ಹಾಕಿಸಿ, ವಿವರ ತುಂಬಿಸಿ. ಹಿಂಪುಟದ ಬಾರ್‌ಕೋಡ್ ಪೂರ್ತಿ ಮುಚ್ಚುವಷ್ಟು ದೊಡ್ಡ ಬಿಳಿ ಸ್ಟಿಕ್ಕರ್ ಮಾಡಿಸಿ. ಕೆಳಗಿನ ಗೆರೆ ಮೇಲಕ್ಕೆ ಕಾಣದಷ್ಟು ದಪ್ಪ ಕಾಗದವಿರಲಿ. ಶೀರ್ಷಿಕೆ ಪುಟದ ಹಿಂದೆ, ಮುದ್ರಣದ ವಿವರಗಳಿರುವ ಕಡೆಯೂ ಹಳೆಯ ಸಂಖ್ಯೆ ಇರುತ್ತದೆ. ಅದಕ್ಕೂ ಒಂದು ಸಣ್ಣ ಸ್ಟಿಕ್ಕರ್ ಬೇಕು. ಎಲ್ಲರೂ ಮರೆಯುವುದು ಅದನ್ನೇ, ಗ್ರಂಥಾಲಯದವರು ಮೊದಲು ತೆರೆಯುವುದೂ ಅದೇ ಪುಟವನ್ನು. ಮೊದಲು ಒಂದು ಪ್ರತಿಗೆ ಅಂಟಿಸಿ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿ. ಸರಿಯಾಗಿ ಓದಿದ ಮೇಲೆ ಉಳಿದವಕ್ಕೆ ಕೈ ಹಾಕಿ.